ಶ್ರುತಿಗೂಡಿದ ತಂತಿ

ರೇಡಿಯೋ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿ ನಾವು ಒಂದು ನಿಲಯವನ್ನು ಹಿಡಿಯುವುದು, ವೈಣಿಕನು ಬಿರಡೆ ತಿರುಗಿಸಿ ಶ್ರುತಿಗೂಡಿಸುವುದಕ್ಕೆ ಬಹುಮಟ್ಟಿಗೆ ಸಮಾನವಾದ ಕಾರ್ಯ. ಪೆಟ್ಟಿಗೆಯೊಳಗೆ ತಾಮ್ರದ ತಂತಿಯ ಸುರುಳಿಯೊಂದು, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕಂಡೆನ್ಸರೊಂದು ಇರುತ್ತವೆ. ಇವೆರಡರ ಜೋಡಿಯು ಯಾವ ಅಲೆಗೆ ಹೊಂದುವುದೋ ಆ ಅಲೆಯೇ ನಮಗೆ ಕೇಳಿಸುತ್ತದೆ. ಇಂಗ್ಲೆಂಡಿನ ಆಲಿವರ್ ಲಾಡ್ಜ್ ಇದನ್ನು 1889ರಲ್ಲಿ ಎರಡು ಲೇಡನ್ ಜಾಡಿಗಳಿಂದ ತೋರಿಸಿಕೊಟ್ಟರು. ಒಂದರಲ್ಲಿ ಕಿಡಿ ಹಾರಿದಾಗ, ಅದರೊಡನೆ ಸಮಶ್ರುತಿಯಲ್ಲಿದ್ದ ಇನ್ನೊಂದರಲ್ಲಿಯೂ ಕಿಡಿ ಹಾರಿತು!

ತತ್ತ್ವವನ್ನು ಅರಿಯುವುದು ಬೇರೆ, ಮನೆಯಲ್ಲಿ ಕಟ್ಟುವುದು ಬೇರೆ. ಅಳೆಯುವ ಯಂತ್ರವಿಲ್ಲದವನ ಗತಿಯೇನು? 1928ರಲ್ಲಿ ಅಮೆರಿಕದ ಹೆರಾಲ್ಡ್ ವೀಲರ್ ಒಂದು ಸುಲಭ ಸೂತ್ರವನ್ನು ಪ್ರಕಟಿಸಿದರು. ಅದರಂತೆ, 2 ಅಂಗುಲ ವ್ಯಾಸದ ಕೊಳವೆಯ ಮೇಲೆ 2 ಅಂಗುಲದ ಉದ್ದಕ್ಕೆ 80 ಸುತ್ತು ತಂತಿಯನ್ನು ಸುತ್ತಿದರೆ ಸುಮಾರು 220 ಮೈಕ್ರೋಹೆನ್ರಿಯ ಸುರುಳಿಯಾಗುತ್ತದೆ. ಅದಕ್ಕೆ 500 ಪಿಕೋಫ್ಯಾರಡಿನ ಕಂಡೆನ್ಸರನ್ನು ಜೋಡಿಸಿದರೆ 625 ಮೀಟರಿನ ಆಸುಪಾಸಿನ ಅಲೆಯು ಸಿಕ್ಕುತ್ತದೆ. ಇದಕ್ಕೆ ಬೇಕಾದುದು ಅಡಿಪಟ್ಟಿ, ಮತ್ತು ಎಣಿಸುವ ತಾಳ್ಮೆ.

ಸಾಮಗ್ರಿಯೇ ಇಲ್ಲದ ಕಡೆ ಈ ತಾಳ್ಮೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಬೋರ್ನಿಯೋ ದ್ವೀಪದ ಸಂಡಾಕನ್ ನಮಗೆ ಸಾಕ್ಷಿ. ಅಲ್ಲಿ ಜಪಾನೀಯರ ಸೆರೆಯಲ್ಲಿದ್ದ ಆಸ್ಟ್ರೇಲಿಯದ ಲೆಫ್ಟಿನೆಂಟ್ ವೆಲ್ಸ್ ಮತ್ತು ಅವರ ಜೊತೆಗಾರರು 1942ರಲ್ಲಿ ಗುಟ್ಟಾಗಿ ರೇಡಿಯೋ ಕಟ್ಟಿದರು. ಕಂಡೆನ್ಸರಿಗೆ ಚಹದ ಪೆಟ್ಟಿಗೆಗಳ ಒಳಗಿನ ಲೋಹದ ಹಾಳೆ. ನಡುವೆ ವೃತ್ತಪತ್ರಿಕೆಯ ಕಾಗದ. ಹಾಳೆಯ ವಿಸ್ತಾರ, ಕಾಗದದ ದಪ್ಪ, ಕಾಗದದ ಗುಣ ಇವುಗಳಿಂದಲೇ ಕಂಡೆನ್ಸರಿನ ಶಕ್ತಿಯು ನಿರ್ಣಯವಾಗುವುದರಿಂದ ಲೆಕ್ಕವು ಬಲ್ಲವನಿಗೆ ಅಸಾಧ್ಯವಲ್ಲ. ವಿದ್ಯುತ್ತಿಗೆ ತಡೆಯೊಡ್ಡುವ ಭಾಗವನ್ನು, ದಾರಕ್ಕೆ ದಾಲ್ಚಿನ್ನಿ ಮರದ ತೊಗಟೆಯ ಇದ್ದಲನ್ನು ಹಿಡಿಸಿ ತಯಾರಿಸಿದರು. ನಾವು ಪಲಾವಿಗೆ ಹಾಕುವ ದಾಲ್ಚಿನ್ನಿಯಿಂದ ಲಂಡನ್ನಿನ ವಾರ್ತೆಯು ಕೇಳಿಸಿತೆಂದರೆ ನಂಬುವುದು ಕಷ್ಟವೇ ಸರಿ.

ಆದರೆ ಅಲ್ಲಿ ಕೇಳುವುದೇ ಅಪರಾಧವಾಗಿತ್ತು. 1943ರ ಜುಲೈ ತಿಂಗಳಲ್ಲಿ ಗುಟ್ಟು ಹೊರಬಿದ್ದು, ಹಿಡಿದವರನ್ನೆಲ್ಲ ಹಿಂಸಿಸಿದರು. ಗುಪ್ತ ಕಾರ್ಯದ ಮುಂದಾಳಾಗಿದ್ದ ಕ್ಯಾಪ್ಟನ್ ಲಯನೆಲ್ ಮ್ಯಾಥ್ಯೂಸರನ್ನು 1944ರ ಮಾರ್ಚ್ 2ರಂದು ಕುಚಿಂಗಿನಲ್ಲಿ ಗುಂಡಿಕ್ಕಿ ಕೊಂದರು. ವೆಲ್ಸ್‌ಗೆ 12 ವರ್ಷಗಳ ಏಕಾಂತವಾಸದ ಶಿಕ್ಷೆ ವಿಧಿಸಿ ಸಿಂಗಪುರದ ಸೆರೆಮನೆಗೆ ಕಳುಹಿಸಿದರು. ಆ ಶಿಕ್ಷೆಯೇ ಅವರನ್ನು ಉಳಿಸಿತು. ಸಂಡಾಕನ್ನಿನಲ್ಲಿಯೇ ಉಳಿದ ಸುಮಾರು 2,400 ಸೆರೆಯಾಳುಗಳಲ್ಲಿ ಯುದ್ಧವು ಮುಗಿದಾಗ ಜೀವಂತವಾಗಿದ್ದವರು ಆರು ಮಂದಿ.