ಅಮೃತಾಪುರದ ಕಥಾಫಲಕಗಳು

ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯದ ತೆರೆದ ಮಂಟಪದ ಸುತ್ತುಗೋಡೆಯ ಮೇಲಿರುವ ಪುರಾಣ ಶಿಲ್ಪಗಳು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಈ ಶಿವಾಲಯವನ್ನು ಕ್ರಿ.ಶ. 1196ರಲ್ಲಿ ಕಟ್ಟಿಸಿದ. ಇಲ್ಲಿನ ಶಾಸನದ ಪದ್ಯಗಳು ಕವಿ ಜನ್ನನವು. ಶಿಲ್ಪಿ ಮಲ್ಲಿತಮ್ಮ ಕಸುಬು ಆರಂಭಿಸಿದ್ದು ಇಲ್ಲಿಯೇ ಎನ್ನುತ್ತಾರೆ.

ಒಟ್ಟು 140 ಫಲಕಗಳಿವೆ. ದಕ್ಷಿಣದ 70ರಲ್ಲಿ ರಾಮಾಯಣ. ಉತ್ತರದ 25ರಲ್ಲಿ ಕೃಷ್ಣನ ಕಥೆ, ಉಳಿದ 45ರಲ್ಲಿ ಮಹಾಭಾರತ. ಬೇರೆ ಹೊಯ್ಸಳ ಗುಡಿಗಳ ಕಿರುಪಟ್ಟಿಕೆಗಳಿಗಿಂತ ಇವು ದೊಡ್ಡವು, ಹಾಗಾಗಿ ಪ್ರಸಂಗ ಗುರುತಿಸುವುದು ಸಲೀಸು. ಉತ್ತರದ ಕಥೆಗಳು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗಿದರೆ ರಾಮಾಯಣ ಮಾತ್ರ ಅಪ್ರದಕ್ಷಿಣೆಯಾಗಿ ಹರಿಯುತ್ತದೆ. ಹೊಯ್ಸಳ ರೂಢಿಯಲ್ಲಿ ಇದು ಅಪರೂಪ. ಎರಡೂ ಬದಿಯ ಕಥೆಗಳು ಹೀಗೆ ಪಶ್ಚಿಮದಿಂದ ಪೂರ್ವಕ್ಕೆ ನಡೆಯುತ್ತವೆ. ಇದೇ ಈ ಗೋಡೆಯ ನಿಜವಾದ ಹೆಚ್ಚುಗಾರಿಕೆ.

ಹದಿನೈದನೆಯ ಶತಮಾನದ ಜರ್ಮನ್ ಚರ್ಚುಗಳಲ್ಲೂ ಕ್ರಿಸ್ತನ ಕಥೆಯನ್ನು ಮರದ ಹಲಗೆಗಳ ಮೇಲೆ ಚಿತ್ರಿಸಿ ಪೂಜಾವೇದಿಕೆಯ ಮೇಲಿರಿಸುತ್ತಿದ್ದರು. ಆ ಹಲಗೆಗಳ ಬಾಗಿಲಿನಂಥ ರೆಕ್ಕೆಗಳನ್ನು ಬಹುಮಟ್ಟಿಗೆ ಹಬ್ಬಗಳಂದು ತೆರೆಯುತ್ತಿದ್ದರು. ಅಮೃತಾಪುರದ ಬಳಪದ ಕಲ್ಲಿನ ಕಥೆ ಹೊರಗೋಡೆಯಲ್ಲೇ ಇದೆ, ಎಲ್ಲ ದಿನವೂ ಕಾಣುತ್ತದೆ.

ಇದೇ ಜಿಲ್ಲೆಯ ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಬರುವವರು ಇಲ್ಲಿಗೂ ಬರಬೇಕು. ರಾಮಾಯಣವನ್ನು ಪಶ್ಚಿಮದ ತುದಿಯಿಂದ ನೋಡಲು ಆರಂಭಿಸಬೇಕು.