ಹುಸಿ ಬಾಂಬ್ ಬೆದರಿಕೆಗೆ 1860ರ ಕಾನೂನು

2016ರ ಆಗಸ್ಟ್ 1, ಸೋಮವಾರ. ಮೈಸೂರಿನ ಜಿಲ್ಲಾ ನ್ಯಾಯಾಲಯದ ಆವರಣದ ಸಾರ್ವಜನಿಕ ಶೌಚಾಲಯದಲ್ಲಿ ಬಾಂಬ್ ಸಿಡಿಯಿತು. ತೀವ್ರತೆ ಕಡಿಮೆ ಇತ್ತು, ಯಾರ ಪ್ರಾಣವೂ ಹೋಗಲಿಲ್ಲ. ಅದೇ ವರ್ಷ ಚಿತ್ತೂರು ಮತ್ತು ನೆಲ್ಲೂರಿನ ಕೋರ್ಟು, ಕೊಲ್ಲಂ ಮತ್ತು ಮಲಪ್ಪುರಂನ ಕಲೆಕ್ಟರ್ ಕಚೇರಿ ಆವರಣಗಳಲ್ಲೂ ಇದೇ ಬಗೆಯ ಸ್ಫೋಟಗಳಾದವು. ಮೈಸೂರಿನ ಪ್ರಕರಣ ರಾಷ್ಟ್ರೀಯ ತನಿಖಾ ದಳಕ್ಕೆ ಹೋಯಿತು. 2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮೂವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ ಶಿಕ್ಷೆ ಕೊಟ್ಟಿತು. ತನಿಖಾ ದಳದ ಪ್ರಕಾರ, ಬಾಂಬ್ ಇಡುವ ಮೊದಲು ಇದೇ ಗುಂಪು ಜೈಲು ಮತ್ತು ಪೊಲೀಸ್ ಅಧಿಕಾರಿಗಳಿಗೆ ಬೆದರಿಕೆಗಳನ್ನೂ ಕಳಿಸಿತ್ತು.

ಮೊದಲು ಬೆದರಿಕೆ, ಆಮೇಲೆ ಬಾಂಬ್. ಇದನ್ನು ಕಂಡ ಊರಿನಲ್ಲಿ ಯಾವ ಅಧಿಕಾರಿಯೂ ಒಂದು ಇಮೇಲ್ ನೋಡಿ 'ಇದು ಸುಳ್ಳು ಬಿಡ್ರಿ' ಅನ್ನಲಾರ. ಹುಸಿ ಬೆದರಿಕೆ ಹಾಕುವವನಿಗೆ ಇದೇ ಬಂಡವಾಳ. ಅವನು ಎರಡು ಸಾಲು ಬರೆದರೆ ಸಾಕು, ಶ್ವಾನದಳ ಬರಬೇಕು, ಬಾಂಬ್ ನಿಷ್ಕ್ರಿಯ ದಳ ಬರಬೇಕು, ಕಟ್ಟಡ ಖಾಲಿಯಾಗಬೇಕು. ಎಚ್.ಡಿ. ಕೋಟೆಯಿಂದಲೋ ಪಿರಿಯಾಪಟ್ಟಣದಿಂದಲೋ ಬೆಳಗಿನ ಬಸ್ಸು ಹಿಡಿದು ಪಾಲಿನ ಕೇಸಿಗೆ ಬಂದವರ ಗತಿ ಏನು? ದಿನದ ಕೂಲಿ ಹೋಯಿತು, ಕೇಸು ಮತ್ತೊಂದು ತಾರೀಖಿಗೆ ಹೋಯಿತು. ಸುದ್ದಿಯಲ್ಲಿ ಮಾತ್ರ 'ಏನೂ ಪತ್ತೆಯಾಗಲಿಲ್ಲ, ಜನ ನಿಟ್ಟುಸಿರು ಬಿಟ್ಟರು' ಎಂದು ಬರುತ್ತದೆ. ನಾವೂ ಹಾಗೇ ಬರೆದು ಕೈ ತೊಳೆದುಕೊಳ್ಳುತ್ತೇವೆ, ಸುಳ್ಳೇಕೆ ಹೇಳೋಣ.

ಹಾಗಾದರೆ ಇದಕ್ಕೆ ಕಾನೂನು ಏನು ಹೇಳುತ್ತದೆ? 1860ರ ಭಾರತೀಯ ದಂಡ ಸಂಹಿತೆಯಲ್ಲಿ, ಅಂದರೆ ಐಪಿಸಿಯಲ್ಲಿ, ಹುಸಿ ಬಾಂಬ್ ಬೆದರಿಕೆಗೆಂದೇ ಒಂದು ಸೆಕ್ಷನ್ ಇರಲಿಲ್ಲ. ಪೊಲೀಸರು ಹೆಚ್ಚಾಗಿ ನೆಚ್ಚಿಕೊಂಡದ್ದು 506 ಮತ್ತು 507ನ್ನು. ಇವುಗಳ ಬುಡ 503ನೇ ಸೆಕ್ಷನ್. ಬೆದರಿಕೆ ಎಂದರೇನು ಎಂದು ತಿಳಿಸಲು ಅಲ್ಲೊಂದು ಉದಾಹರಣೆ ಇದೆ: ಒಬ್ಬನು ಇನ್ನೊಬ್ಬನಿಗೆ 'ಸಿವಿಲ್ ದಾವೆ ಮುಂದುವರಿಸಿದರೆ ನಿನ್ನ ಮನೆಗೆ ಬೆಂಕಿ ಇಡುತ್ತೇನೆ' ಅನ್ನುತ್ತಾನೆ. ಜಮೀನು ಜಗಳ ನೋಡಿದ ಯಾವ ಹಳ್ಳಿಯವರಿಗೂ ಇದು ತಕ್ಷಣ ಅರ್ಥವಾಗುತ್ತದೆ. ಬರೆದವರ ಕಣ್ಣ ಮುಂದೆ ಇದ್ದದ್ದು ಒಬ್ಬನ ಮೇಲೆ ಒಬ್ಬನ ದ್ವೇಷ. 507 ಹೆಸರು ಮುಚ್ಚಿಟ್ಟು ಹಾಕುವ ಬೆದರಿಕೆಗೆ, ಅಂದರೆ ಆ ಕಾಲದ ಅನಾಮಧೇಯ ಪತ್ರಕ್ಕೆ. 506ರ ಶಿಕ್ಷೆಯ ಮೇಲೆ ಇನ್ನೂ ಎರಡು ವರ್ಷದವರೆಗೆ ಜೈಲು. ಕೊಲ್ಲುವ ಬೆದರಿಕೆಯಾದರೆ 506ರಲ್ಲೇ ಏಳು ವರ್ಷದವರೆಗೆ ಅವಕಾಶವಿತ್ತು.

ಆದರೆ 507 ಅಸಂಜ್ಞೇಯ ಅಪರಾಧ. ಅದೊಂದೇ ಸೆಕ್ಷನ್ ಆದರೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯದೆ ಪೊಲೀಸರು ತನಿಖೆ ಶುರು ಮಾಡುವಂತಿಲ್ಲ. ಅನಾಮಧೇಯ ಪತ್ರದ ಕಾಲಕ್ಕೆ ಇದು ಸರಿಯೇ. ಇಮೇಲ್ ಕಳಿಸಿದವನ ಜಾಡು ಹಿಡಿಯಲು ಗಂಟೆ ಗಂಟೆಯೂ ಮುಖ್ಯ.

ಒಬ್ಬನಿಗಲ್ಲ, ಇಡೀ ಊರಿಗೆ ಹುಟ್ಟಿಸುವ ಭಯಕ್ಕೆ ಇದ್ದದ್ದು 505ನೇ ಸೆಕ್ಷನ್, ಅದನ್ನು 1898ರಲ್ಲಿ ತಿದ್ದಿದರು. ಪ್ಲೇಗ್ ಹರಡಿದ್ದ ವರ್ಷಗಳವು. ಹಿಂದಿನ ವರ್ಷವಷ್ಟೇ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದಿತ್ತು. ಬ್ರಿಟಿಷರ ಚಿಂತೆ ಬಾಂಬಿನದಲ್ಲ, ಗಾಳಿಸುದ್ದಿ ಮತ್ತು ಪತ್ರಿಕೆಗಳದ್ದು. ಶಿಕ್ಷೆ ಈಗ ಮೂರು ವರ್ಷದವರೆಗೆ. ಮಧ್ಯದಲ್ಲಿ ಐಟಿ ಕಾಯ್ದೆಯ 66ಎ ಬಂತು. ಅದರ ಅಸ್ಪಷ್ಟ ಪದಗಳಲ್ಲಿ ಫೇಸ್‌ಬುಕ್ ಪೋಸ್ಟ್ ಹಾಕಿದ ಅಮಾಯಕರೂ ಸಿಕ್ಕಿಬಿದ್ದರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ರದ್ದಾದದ್ದು ಒಳ್ಳೆಯದೇ, ಆದರೆ ಇಮೇಲ್ ಬೆದರಿಕೆಯ ವಿಷಯದಲ್ಲಿ ಪೊಲೀಸರು ಮತ್ತೆ ಹಳೆಯ ಸೆಕ್ಷನ್‌ಗಳಿಗೇ ಮರಳಬೇಕಾಯಿತು.

ವಿಮಾನದ ವಿಷಯ ಬೇರೆ. 1982ರ ಕಾಯ್ದೆ ಪ್ರಕಾರ, ಸುಳ್ಳು ಮಾಹಿತಿ ಕೊಟ್ಟು ಹಾರಾಟದಲ್ಲಿರುವ ವಿಮಾನದ ಸುರಕ್ಷತೆಗೆ ಅಪಾಯ ತಂದರೆ ಜೀವಾವಧಿ ಶಿಕ್ಷೆ. ಇಂಗ್ಲೆಂಡ್ ಐರಿಷ್ ಬಾಂಬ್‌ಗಳ ಕಾಲದಲ್ಲಿ, 1977ರಲ್ಲೇ, ಹುಸಿ ಬಾಂಬ್ ಬೆದರಿಕೆಗೆ ಪ್ರತ್ಯೇಕ ಸೆಕ್ಷನ್ ಮಾಡಿಕೊಂಡಿತು. ಅಲ್ಲಿ ಈಗ ಏಳು ವರ್ಷದವರೆಗೆ ಜೈಲು. ನಮ್ಮ ಶಾಲೆಗೂ ಕೋರ್ಟಿಗೂ ಅಂಥದ್ದು ಬರಲಿಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಿಗ್ಗೆ ಬೆದರಿಕೆ ಇಮೇಲ್ ಬಂದು, ತಂದೆತಾಯಂದಿರು ಗೇಟಿಗೆ ಓಡಿ ಬಂದರು. ಎಲ್ಲೂ ಬಾಂಬ್ ಇರಲಿಲ್ಲ.

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 507 ಈಗ 351(4), 505(1) ಈಗ 353(1). ಮನೆಗೆ ಬೆಂಕಿ ಇಡುವ ಉದಾಹರಣೆ ಹಾಗೇ ಉಳಿದಿದೆ. 353ರಲ್ಲಿ ಎಲೆಕ್ಟ್ರಾನಿಕ್ ಮಾಧ್ಯಮದ ಮೂಲಕ ಹರಡುವುದನ್ನೂ ಹೆಸರಿಟ್ಟು ಸೇರಿಸಿದ್ದಾರೆ. ಸುಳ್ಳೆಂದು ಗೊತ್ತಿದ್ದೂ ಅಧಿಕಾರಿಗೆ ಮಾಹಿತಿ ಕೊಟ್ಟು ಓಡಾಡಿಸಿದರೆ ಹಿಂದೆ 182ನೇ ಸೆಕ್ಷನ್ನಿನಲ್ಲಿ ಆರು ತಿಂಗಳು ಜೈಲು ಅಥವಾ 1,000 ರೂಪಾಯಿ ದಂಡ ಇತ್ತು. ಈಗ 217ರಲ್ಲಿ ಒಂದು ವರ್ಷ, ದಂಡ 10,000 ರೂಪಾಯಿವರೆಗೆ.

ಫೋನಿನಲ್ಲಿ ಇದನ್ನು ಓದುತ್ತಿರುವವರಿಗೆ ಎರಡು ಮಾತು. ಜನರಲ್ಲಿ ಭಯ ಹುಟ್ಟಿಸುವ ಉದ್ದೇಶದಿಂದ ಬಾಂಬ್ ಸುದ್ದಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ದಾಟಿಸಿದವನೂ 353ಕ್ಕೆ ಸಿಗಬಹುದು, ಮೊದಲು ಬರೆದವನಷ್ಟೇ ಅಲ್ಲ. ಇನ್ನೊಂದು, ಬಸ್ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಚೀಲ ಕಂಡು ನಿಜವಾಗಿ ಅನುಮಾನ ಬಂದು 112ಕ್ಕೆ ಕರೆ ಮಾಡಿದರೆ, ಆಮೇಲೆ ಅದರಲ್ಲಿ ಬಟ್ಟೆಯೇ ಸಿಕ್ಕರೂ ಅದು ಅಪರಾಧವಲ್ಲ. 217ನೇ ಸೆಕ್ಷನ್ ಕೇಳುವುದು 'ಸುಳ್ಳೆಂದು ಗೊತ್ತಿತ್ತೇ' ಎಂಬುದನ್ನು.