ದತ್ತಸಂಚಯ ನಿರ್ವಹಣೆಯಲ್ಲಿ ಅಳತೆಗೋಲಿನ ಪ್ರಶ್ನೆ: ಒಂದು ಐತಿಹಾಸಿಕ ವಿವೇಚನೆ

ಗಣಕಯಂತ್ರಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅವನ್ನು ನಿರ್ಮಿಸಿದವರ ಚರಿತ್ರೆಯನ್ನೇ ಬರೆದಿದ್ದಾರೆ. ಆ ಯಂತ್ರಗಳಲ್ಲಿ ಶೇಖರಿಸಿಟ್ಟ ದತ್ತಸಂಚಯಗಳನ್ನು, ಎಂದರೆ ಬಳಕೆಯ ಮಾತಿನ ಡೇಟಾಬೇಸುಗಳನ್ನು, ದಿನವೂ ನೋಡಿಕೊಂಡು ಬಂದ ನಿರ್ವಾಹಕರು ಏನನ್ನು ಅಳೆದರು, ಯಾವ ಉಪಕರಣವನ್ನು ಏಕೆ ಆರಿಸಿಕೊಂಡರು ಎಂಬ ವಿಷಯಕ್ಕೆ ದೊರೆತಿರುವ ಗಮನ ಅಲ್ಪ. ಉಪಕರಣದ ಆಯ್ಕೆಯೆಂಬುದು ವಾಸ್ತವವಾಗಿ ಅಳತೆಗೋಲಿನ ಆಯ್ಕೆ. 1990ರ ದಶಕದಲ್ಲಿ ಒರಾಕಲ್ ದತ್ತಸಂಚಯದ ನಿರ್ವಾಹಕರು ತಪ್ಪು ಅಳತೆಗೋಲೊಂದನ್ನು ಬಹುಕಾಲ ನಂಬಿ, ಕಡೆಗೆ ಅದನ್ನು ಕೈಬಿಟ್ಟ ಪ್ರಸಂಗದಿಂದ ಇದು ಸ್ಪಷ್ಟವಾಗುತ್ತದೆ.

ಇಂಥ ಉಪಕರಣಗಳ ಅಗತ್ಯವೇ ಏಕೆ ಉಂಟಾಯಿತೆಂಬುದನ್ನು ಮೊದಲು ನೋಡಬೇಕು. 1960ರ ದಶಕದ ದತ್ತಸಂಚಯಗಳಲ್ಲಿ ಮಾಹಿತಿ ಇರುವ ಸ್ಥಳಕ್ಕೆ ಹೋಗುವ ದಾರಿಯನ್ನು ಕ್ರಮವಿಧಿಯನ್ನು ಬರೆಯುವವನೇ ಹಾಕಿಕೊಡಬೇಕಾಗಿತ್ತು. ದಾರಿ ತಪ್ಪಿದರೆ ತಪ್ಪು ಅವನದೇ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ವಿದ್ವಾಂಸನು ಮಾಹಿತಿಯನ್ನು ಕೋಷ್ಟಕಗಳ ರೂಪದಲ್ಲಿ ಕಾಣುವ ಮಾದರಿಯೊಂದನ್ನು ಪ್ರಕಟಿಸಿದನು. ಬಳಸುವವನಿಗೆ ಯಂತ್ರದ ಒಳಗಣ ವ್ಯವಸ್ಥೆ ತಿಳಿದಿರಬೇಕಾಗಿಲ್ಲ ಎಂಬುದು ಅದರ ತಿರುಳು. ಅದೇ ಸಂಸ್ಥೆಯ ಸ್ಯಾನ್ ಹೊಸೆ ಪ್ರಯೋಗಾಲಯದ 'ಸಿಸ್ಟಮ್ ಆರ್' ಯೋಜನೆ ಇದನ್ನು ಕಾರ್ಯರೂಪಕ್ಕೆ ತಂದಿತು. ಪ್ರಶ್ನೆಯೊಂದಕ್ಕೆ ಇರುವ ಹಲವು ದಾರಿಗಳ ವೆಚ್ಚವನ್ನು ಅಂದಾಜು ಮಾಡಿ ಅಗ್ಗವಾದುದನ್ನು ಯಂತ್ರವೇ ಆರಿಸುವ ವಿಧಾನವನ್ನು ಪೆಟ್ರೀಷಿಯಾ ಸೆಲಿಂಜರ್ ಮತ್ತು ಆಕೆಯ ಸಹೋದ್ಯೋಗಿಗಳು 1979ರ ಪ್ರಬಂಧದಲ್ಲಿ ವಿವರಿಸಿದರು. ಲಾಭ ಅಪಾರವಾಗಿತ್ತು, ಅದರ ಜೊತೆಗೇ ಒಂದು ತೊಡಕೂ ಬಂದಿತು. ಪ್ರಶ್ನೆ ಕೇಳಿದವನಿಗೆ ದಾರಿ ತಿಳಿಯದಾಯಿತು. ಉತ್ತರ ತಡವಾದರೆ ಎಲ್ಲಿ ತಡವಾಯಿತೆಂದು ಹೇಳಬಲ್ಲವರು ಯಾರು? ನಿರ್ವಾಹಕನ ಉಪಕರಣಗಳು ಹುಟ್ಟಿದ್ದು ಈ ತೆರಪಿನಲ್ಲಿ.

ಒರಾಕಲ್ ಬಳಗದಲ್ಲಿ ಈ ತೆರಪನ್ನು ತುಂಬಿದ್ದು ಒಂದು ಶೇಕಡಾಂಕ. ಮಾಹಿತಿಯ ತುಣುಕು ಬೇಕಾದಾಗ ಅದು ಮೊದಲೇ ಸ್ಮೃತಿಕೋಶದಲ್ಲಿದ್ದರೆ ಒಡನೆ ಸಿಗುತ್ತದೆ; ಇಲ್ಲವಾದರೆ ಡಿಸ್ಕಿನಿಂದ ತರಬೇಕು, ಅದು ನಿಧಾನ. ನೂರು ಸಲ ಕೇಳಿದಾಗ ಎಷ್ಟು ಸಲ ಸ್ಮೃತಿಯಲ್ಲೇ ಸಿಕ್ಕಿತು ಎಂಬುದಕ್ಕೆ 'ಹಿಟ್ ರೇಷಿಯೊ' ಎಂದು ಹೆಸರು. ಅದು ತೊಂಬತ್ತಕ್ಕಿಂತ ಮೇಲಿದ್ದರೆ ಸಂಚಯ ಆರೋಗ್ಯವಾಗಿದೆ, ಕೆಳಗಿಳಿದರೆ ಸ್ಮೃತಿಯನ್ನು ಕೊಂಡು ಹಾಕಬೇಕು ಎಂಬುದು ಅಂದಿನ ಕೈಪಿಡಿಗಳ ಸಾಮಾನ್ಯ ಬೋಧೆ. ಉಪಕರಣಗಳ ತೆರೆಯ ಮೇಲೆ ಈ ಅಂಕಿಯನ್ನು ಬಣ್ಣದ ಮುಳ್ಳುಗಳಲ್ಲಿ ತೋರಿಸುತ್ತಿದ್ದರು.

ಈ ಬೋಧೆಯಲ್ಲಿದ್ದ ದೋಷವನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದೇ ಉತ್ತರವನ್ನು ಕೊಡುವ ಎರಡು ಪ್ರಶ್ನೆಗಳಿವೆಯೆಂದು ಭಾವಿಸೋಣ. ಮೊದಲನೆಯದು 10,000 ತುಣುಕುಗಳನ್ನು ಓದಿ, ಅವುಗಳಲ್ಲಿ 1,000ವನ್ನು ಡಿಸ್ಕಿನಿಂದ ತರುತ್ತದೆ. ಪ್ರಮಾಣ ಶೇಕಡಾ 90. ಎರಡನೆಯದು ಅವೇ ತುಣುಕುಗಳನ್ನು ಮತ್ತೆ ಮತ್ತೆ ತಿರುವಿಹಾಕುತ್ತ ಒಂದು ಕೋಟಿ ಸಲ ಓದಿ, 10,000 ಸಲ ಡಿಸ್ಕಿಗೆ ಹೋಗುತ್ತದೆ. ಪ್ರಮಾಣ ಶೇಕಡಾ 99.9. ಡಿಸ್ಕಿನ ಕೆಲಸ ಹತ್ತರಷ್ಟಾಯಿತು, ಒಟ್ಟು ಓದು ಸಾವಿರದಷ್ಟಾಯಿತು. ಮುಳ್ಳು ಮಾತ್ರ ಇದನ್ನೇ ಉತ್ತಮವೆಂದು ತೋರಿಸುತ್ತದೆ. ಗ್ರಂಥಾಲಯದ ಜವಾನನು ಬೇಡದ ಪುಸ್ತಕಗಳನ್ನು ಹತ್ತಿರದ ಕಪಾಟಿನಿಂದ ಸಾವಿರ ಬಾರಿ ತೆಗೆದು ಇಟ್ಟು, ತಾನು ದೂರದ ಕಪಾಟಿಗೆ ಹೋದದ್ದು ವಿರಳವೆಂದು ಹೊಗಳಿಸಿಕೊಂಡ ಹಾಗೆ ಇದು. ಓದುಗನು ಎಷ್ಟು ಹೊತ್ತು ಕಾದನೆಂಬ ಮಾತೇ ಲೆಕ್ಕಕ್ಕೆ ಬರಲಿಲ್ಲ.

1992ರ ಒರಾಕಲ್ 7ನೆಯ ಆವೃತ್ತಿಯಲ್ಲಿಯೇ ಕಾಯುವಿಕೆಯ ಲೆಕ್ಕ ಇಡುವ ವ್ಯವಸ್ಥೆ ಬಂದಿತ್ತು ಎಂಬುದು ಇಲ್ಲಿ ಗಮನಾರ್ಹ. ಪ್ರತಿಯೊಂದು ಅಧಿವೇಶನವು ಈಗ ಯಾವುದಕ್ಕಾಗಿ ಕಾದಿದೆ, ಡಿಸ್ಕಿಗೋ, ಇನ್ನೊಬ್ಬರು ಹಾಕಿದ ಬೀಗಕ್ಕೋ, ದಾಖಲೆ ಬರೆದು ಮುಗಿಯುವುದಕ್ಕೋ ಎಂಬುದನ್ನು ಅಲ್ಲಿ ಓದಬಹುದಾಗಿತ್ತು. ಆದರೂ ಬಹುಮಂದಿ ಅತ್ತ ತಿರುಗಿ ನೋಡಲಿಲ್ಲ. ಹೆಸರುಗಳೂ ದಿಕ್ಕು ತಪ್ಪಿಸುವಂತಿದ್ದವು: 'ಸೀಕ್ವೆನ್ಷಿಯಲ್ ರೀಡ್' ಎಂದರೆ ಸಾಲಾಗಿ ಓದುವುದೆಂದು ಯಾರಾದರೂ ತಿಳಿಯುತ್ತಾರೆ, ಸಾಧಾರಣವಾಗಿ ಅದು ಒಂದೊಂದೇ ತುಣುಕನ್ನು ತರುವ ಕ್ರಿಯೆ. ಸಾಕ್ಷ್ಯವು ಕಣ್ಣೆದುರಿಗಿದ್ದೂ ಅದನ್ನು ಕೇಳುವ ಪ್ರಶ್ನೆ ಹುಟ್ಟದೆ ವರ್ಷಗಳು ಕಳೆಯುವುದು ಚರಿತ್ರೆಯ ವಿದ್ಯಾರ್ಥಿಗೆ ಅಪರಿಚಿತವಾದ ಸಂಗತಿಯಲ್ಲ.

ಪ್ರಶ್ನೆ ಹುಟ್ಟಿದ್ದು ಆ ದಶಕದ ಕೊನೆಯಲ್ಲಿ. ಆನ್ಯೊ ಕೋಲ್ಕ್ ಮತ್ತು ಸಂಗಡಿಗರು 1999ರ ಲೇಖನದಲ್ಲಿ, ಉತ್ತರಕ್ಕೆ ಹಿಡಿದ ಕಾಲವೆಂದರೆ ದುಡಿದ ಕಾಲ ಮತ್ತು ಕಾದ ಕಾಲ ಇವೆರಡರ ಮೊತ್ತ ಎಂಬ ಸರಳ ಸಮೀಕರಣವನ್ನು ಮುಂದಿಟ್ಟರು. ಕ್ಯಾರಿ ಮಿಲ್ಸಾಪ್ ಎಂಬಾತನು 2001ರಲ್ಲಿ, ಶೇಕಡಾ 99ನ್ನು ಮೀರಿದ ಪ್ರಮಾಣವೇ ಅನೇಕ ವೇಳೆ ರೋಗದ ಲಕ್ಷಣವೆಂದು ವಾದಿಸಿದನು. ಕಾನರ್ ಮ್ಯಾಕ್‌ಡೊನಾಲ್ಡ್ ವಾದವನ್ನೇ ಬದಿಗಿಟ್ಟು ಒಂದು ಚಿಕ್ಕ ಕ್ರಮವಿಧಿಯನ್ನು ಬರೆದನು: ನಿಮಗೆ ಎಷ್ಟು ಶೇಕಡಾ ಬೇಕೋ ಹೇಳಿ, ಅದು ನಿರರ್ಥಕವಾದ ಓದುಗಳನ್ನು ನಡೆಸಿ ಪ್ರಮಾಣವನ್ನು ಅಲ್ಲಿಗೆ ಏರಿಸಿಕೊಡುತ್ತದೆ. ಇಡೀ ವಿವಾದದಲ್ಲಿ ಇದಕ್ಕಿಂತ ಮೊನಚಾದ ಪ್ರಮಾಣ ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ.

ಆದರೆ ಕಾಲವನ್ನು ಅಳೆಯತೊಡಗಿದ ಮಾತ್ರಕ್ಕೆ ಎಲ್ಲವೂ ಬಗೆಹರಿಯಲಿಲ್ಲ. 1999ರ 8ಐ ಆವೃತ್ತಿಯ ಕಾಲಕ್ಕೆ ಬಂದ 'ಸ್ಟ್ಯಾಟ್ಸ್‌ಪ್ಯಾಕ್', ಎರಡು ಗಳಿಗೆಗಳ ಲೆಕ್ಕಗಳನ್ನು ಬರೆದಿಟ್ಟುಕೊಂಡು ಅವುಗಳ ವ್ಯತ್ಯಾಸವನ್ನು ವರದಿ ಮಾಡುತ್ತದೆ. ಇಡೀ ಸಂಚಯದ ಮೊತ್ತವನ್ನು ತೋರಿಸುವ ಇಂಥ ವರದಿಯಲ್ಲಿ ವ್ಯಕ್ತಿ ಮರೆಯಾಗುತ್ತಾನೆ. ನೂರು ಮಂದಿ ಗುಮಾಸ್ತರಲ್ಲಿ ಒಬ್ಬನು ಗಂಟೆಯಲ್ಲಿ ಐವತ್ತು ನಿಮಿಷ ಕಾದು ಉಳಿದವರು ಕಾಯದೆ ಹೋದರೆ, ಸರಾಸರಿಯಂತೆ ತಲಾ ಮೂವತ್ತು ಸೆಕೆಂಡು. ಹಾಗೆ ಕಾದವನು ಒಬ್ಬನೂ ಇಲ್ಲ. 2003ರಲ್ಲಿ ಮಿಲ್ಸಾಪ್ ಮತ್ತು ಜೆಫ್ ಹೋಲ್ಟ್ ತಮ್ಮ ಗ್ರಂಥದಲ್ಲಿ ಒಬ್ಬ ಬಳಕೆದಾರನ ಒಂದು ಕೆಲಸದ ಜಾಡನ್ನು ಮಾತ್ರ ಹಿಡಿಯಬೇಕೆಂದು ಒತ್ತಿ ಹೇಳಿದ್ದು ಈ ಕಾರಣದಿಂದಲೇ. ಅದೇ ವರ್ಷ ಘೋಷಿತವಾದ 10ಜಿ ಆವೃತ್ತಿಯಲ್ಲಿ ಗಂಟೆಗೊಮ್ಮೆ ತಾನಾಗಿಯೇ ಲೆಕ್ಕ ಸಂಗ್ರಹಿಸಿ ಸಲಹೆಯನ್ನೂ ಕೊಡುವ ವ್ಯವಸ್ಥೆ ಬಂದಿತು. ಅದನ್ನು ಬಳಸಲು ದುಬಾರಿಯಾದ ಎಂಟರ್‌ಪ್ರೈಸ್ ಆವೃತ್ತಿಯೂ ಅದರ ಮೇಲೆ ಪ್ರತ್ಯೇಕ ಪರವಾನಗಿಯೂ ಬೇಕಾದುವು. ಸ್ಟ್ಯಾಟ್ಸ್‌ಪ್ಯಾಕ್ ಮಾತ್ರ ಹೆಚ್ಚಿನ ಶುಲ್ಕವಿಲ್ಲದೆ ಉಳಿಯಿತು. ಮೈಎಸ್‌ಕ್ಯೂಎಲ್‌ನಲ್ಲಿ ನಿಧಾನವಾದ ಪ್ರಶ್ನೆಗಳ ದಿನಚರಿಯುಂಟು. ಆದರೆ ನಿರ್ವಾಹಕನು ಬದಲಿಸದಿದ್ದರೆ ಹತ್ತು ಸೆಕೆಂಡು ಮೀರಿದ್ದನ್ನು ಮಾತ್ರ ಅದು ಬರೆದುಕೊಳ್ಳುತ್ತದೆ. ಎರಡು ಸೆಕೆಂಡಿನ ಪ್ರಶ್ನೆ ದಿನಕ್ಕೆ ಲಕ್ಷ ಸಲ ನಡೆದರೂ ಅದಕ್ಕೆ ಕಾಣದು.

ಈ ವಿಷಯಕ್ಕೆ ನಾನು ಬಂದದ್ದು ಪುಸ್ತಕಗಳ ಮೂಲಕವಲ್ಲ. ನಾನು ಪಾಠ ಹೇಳುವ ವಿಭಾಗದಲ್ಲಿ ಶಾಸನಗಳ ಪದಸೂಚಿಯೊಂದನ್ನು ಪೋಸ್ಟ್‌ಗ್ರೆಸ್ ಸಂಚಯದಲ್ಲಿ ಇಟ್ಟಿದ್ದೇವೆ. ಇಸವಿಯನ್ನು ಕೊಟ್ಟು ಹುಡುಕಿದರೆ ವಿದ್ಯಾರ್ಥಿಗಳು ಬೇಸರಪಡುವಷ್ಟು ತಡವಾಗುತ್ತಿತ್ತು. ಉಪಕರಣವೊಂದನ್ನು ಮಾರಲು ಬಂದವರು ಅಂದವಾದ ನಕ್ಷೆಗಳನ್ನು ತೋರಿಸಿದರು. ಅದರ ಬೆಲೆ ನಮ್ಮ ವರ್ಷದ ಪುಸ್ತಕಧನವನ್ನು ಮೀರಿತ್ತು. ಸಹೋದ್ಯೋಗಿಯೊಬ್ಬರ ಸೂಚನೆಯಂತೆ ಸಂಚಯದಲ್ಲಿಯೇ ಇರುವ 'ಎಕ್ಸ್‌ಪ್ಲೇನ್ ಅನಲೈಜ್' ಎಂಬ ಆಜ್ಞೆಯನ್ನು ಕೊಟ್ಟು, ಯಂತ್ರ ಹಿಡಿದ ದಾರಿಯನ್ನೂ ಹಂತಹಂತಕ್ಕೆ ಆದ ಕಾಲವನ್ನೂ ಬರೆಯಿಸಿ ನೋಡಿದೆವು. ಶಾಸನಗಳ ಕಾಲವನ್ನು ನಾವು ಶಕವರ್ಷದಲ್ಲಿ ದಾಖಲಿಸಿದ್ದೆವು. ಸೂಚಿಯೂ ಶಕವರ್ಷಕ್ಕೇ ಇತ್ತು. ಪ್ರಶ್ನೆಯಾದರೋ ಪ್ರತಿಯೊಂದು ಸಾಲಿನ ಶಕವರ್ಷಕ್ಕೂ 78ನ್ನು ಕೂಡಿಸಿ, ಬಂದ ಇಸವಿ 1116 ಆಗುತ್ತದೆಯೇ ಎಂದು ಪರೀಕ್ಷಿಸುತ್ತಿತ್ತು. ಹೀಗೆ ಕೂಡಿಸಿದ ಮೊತ್ತಕ್ಕೆ ಸೂಚಿ ಒದಗದ ಕಾರಣ ಯಂತ್ರವು ಇಡೀ ಕೋಷ್ಟಕವನ್ನೇ ಓದುತ್ತಿತ್ತು. ಕೇಳಿದ ಇಸವಿಯಿಂದಲೇ 78ನ್ನು ಒಮ್ಮೆ ಕಳೆದು ಶಕ 1038ನ್ನು ಹುಡುಕುವಂತೆ ಆ ಸಾಲನ್ನು ತಿದ್ದಿದೆವು. ಪುಸ್ತಕಧನ ಪುಸ್ತಕಗಳಿಗೇ ಉಳಿಯಿತು.